ವಾರ್ಡಿನ ಚಕ್ಕುಬಂದಿ

ಹೊಲದ ಕಾಗದಪತ್ರಗಳಲ್ಲಿ ಚಕ್ಕುಬಂದಿ ಎಂಬ ಒಂದು ಭಾಗ ಇದ್ದೇ ಇರುತ್ತದೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಗುಡಿಯ ಇನಾಮು ಜಮೀನು ಎಂದು ನಾಲ್ಕು ಎಲ್ಲೆಗಳನ್ನು ಬರೆದ ಮೇಲೆಯೇ ಆ ಕಾಗದಕ್ಕೊಂದು ಬೆಲೆ. ನಮ್ಮ ಹಳೆಯ ಶಾಸನಗಳು ಇದನ್ನೇ ಚತುಸ್ಸೀಮೆ ಎಂದು ಕರೆದುವು. ಕಲ್ಲು, ಗುಡ್ಡ, ಹುಣಿಸೆಯ ಮರ, ತೊರೆಯ ದಂಡೆ ಇವುಗಳನ್ನು ಸಾಕ್ಷಿಯಾಗಿ ನಿಲ್ಲಿಸಿ ದಾನದ ಭೂಮಿಯ ಮೇರೆಯನ್ನು ಹೇಳುವ ಶಾಸನಗಳು ಕನ್ನಡ ನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಮೇರೆ ತಪ್ಪಿಸಿದವನಿಗೆ ಕಟುವಾದ ಶಾಪವೂ ಉಂಟು. ನೆಲದ ವಿಷಯದಲ್ಲಿ ನಮ್ಮ ಜನ ಎಂದೂ ಎಚ್ಚರ ತಪ್ಪಿದವರಲ್ಲ.

ಆದರೆ ಪ್ರತಿಯೊಬ್ಬ ಮತದಾರನೂ ಇನ್ನೊಂದು ಚಕ್ಕುಬಂದಿಯೊಳಗೆ ವಾಸವಾಗಿದ್ದಾನೆ. ಅದು ವಾರ್ಡು. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಐನಾಪುರದಂಥ ಊರಿಗೆ ಹೋಗಿ ಯಾರದಾದರೂ ಮನೆ ಕೇಳಿದರೆ, ಓಣಿಯ ಹೆಸರು ಹೇಳುತ್ತಾರೆ, ಗುಡಿಯ ಗುರುತು ಹೇಳುತ್ತಾರೆ, ಮಸೀದಿಯ ಪಕ್ಕದ ಗಲ್ಲಿ ಎನ್ನುತ್ತಾರೆ. ಇಷ್ಟನೆಯ ವಾರ್ಡು ಎಂದು ಹೇಳುವವರು ವಿರಳ. ಚುನಾವಣೆ ಬಂದ ಹದಿನೈದು ದಿನ ಮಾತ್ರ ಆ ಸಂಖ್ಯೆ ಎಲ್ಲರ ಬಾಯಲ್ಲಿ. ಮತ ಎಣಿಸಿ ಮುಗಿದ ಮೇಲೆ ಅದು ಮತ್ತೆ ಪಂಚಾಯತಿಯ ಕಡತದೊಳಗೆ ಮಲಗುತ್ತದೆ. ಹೊಲದ ಬದು ಒಂದು ಗೇಣು ಸರಿದರೆ ಕಚೇರಿ ಮೆಟ್ಟಿಲು ಹತ್ತುವ ನಾವು, ವಾರ್ಡಿನ ಗೆರೆ ಒಂದು ಓಣಿಯಷ್ಟು ಸರಿದರೂ ಕೇಳುವುದಿಲ್ಲ. ಈ ಗೆರೆಯ ಇತಿಹಾಸವನ್ನು ಸ್ವಲ್ಪ ನೋಡಿದರೆ, ಕೇಳಬೇಕಾದದ್ದು ಏಕೆ ಎಂಬುದು ತಾನಾಗಿ ತಿಳಿಯುತ್ತದೆ.

ಮುನ್ನೂರ್ವರು ಯಾರು?

ಐನಾಪುರಕ್ಕೆ ನೆರೆಯ ತಾಲೂಕಾದ ಸೇಡಮ್ಮಿಗೆ ಶಾಸನಗಳಲ್ಲಿ ಸೇಡಿಂಬ ಎಂದು ಹೆಸರು. ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದ ಮಾನ್ಯಖೇಟ, ಎಂದರೆ ಇಂದಿನ ಮಳಖೇಡ, ಅದೇ ತಾಲೂಕಿನಲ್ಲಿದೆ. ಹನ್ನೆರಡನೆಯ ಶತಮಾನದ, ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಸೇಡಿಂಬದ ಮುನ್ನೂರು ಮಹಾಜನರ ಮಾತು ಬರುತ್ತದೆ. ಊರಿನ ದೊಡ್ಡ ಕೆಲಸಗಳಿಗೆ, ದಾನಗಳಿಗೆ, ದೇವಾಲಯ ನಿರ್ಮಾಣಕ್ಕೆ ಅವರು ಕೂಡಿ ನಿಂತು ಹೊಣೆ ಹೊರುತ್ತಿದ್ದರು. ಎಂಟುನೂರು ಒಂಬೈನೂರು ವರ್ಷಗಳ ಹಿಂದೆಯೇ ಊರಿನ ಹೆಸರಿನಲ್ಲಿ ಮಾತಾಡುವ ಒಂದು ಸಭೆ ಈ ನೆಲದಲ್ಲಿತ್ತು ಎಂಬುದು ಅಭಿಮಾನದ ಸಂಗತಿಯೇ. ಆದರೆ ಅಭಿಮಾನದ ಭರದಲ್ಲಿ ಒಂದು ಪ್ರಶ್ನೆಯನ್ನು ಮರೆಯಬಾರದು. ಈ ಮುನ್ನೂರ್ವರನ್ನು ಆರಿಸಿದವರು ಯಾರು? ಯಾರೂ ಅಲ್ಲ. ಮಹಾಜನರಾಗುವುದು ಹುಟ್ಟಿನಿಂದ, ವಿದ್ಯೆಯಿಂದ, ಪಡೆದ ಭೂಮಿಯಿಂದ. ಊರಿನ ಉಳುವವನು, ನೇಯುವವನು, ಊರ ಹೊರಗಿನ ಕೇರಿಯಲ್ಲಿದ್ದವನು ಆ ಎಣಿಕೆಯೊಳಗೆ ಇರಲಿಲ್ಲ. ಹೆಂಗಸರ ಮಾತಂತೂ ಬೇಡ.

ಗ್ರಾಮಸ್ವರಾಜ್ಯದ ಮಾತು ಬಂದಾಗ ತಮಿಳುನಾಡಿನ ಉತ್ತರಮೇರೂರಿನ ಶಾಸನಗಳನ್ನು ಎಲ್ಲರೂ ನೆನೆಯುತ್ತಾರೆ. ಚೋಳ ಪರಾಂತಕನ ಕಾಲದ, ಕ್ರಿ. ಶ. 919 ಮತ್ತು 921ರ ಆ ಶಾಸನಗಳಲ್ಲಿ ಊರನ್ನು 30 ಕುಡುಂಬುಗಳಾಗಿ ವಿಂಗಡಿಸಿದ ವಿವರ ಇದೆ. ಇಂದಿನ ವಾರ್ಡಿನ ಹಿರಿಯಣ್ಣ ಅದು ಎನ್ನಬಹುದು. ಹೆಸರು ಬರೆದ ಓಲೆಗಳನ್ನು ಕೊಡದಲ್ಲಿ ಹಾಕಿ, ಒಬ್ಬ ಬಾಲಕನಿಂದ ಎತ್ತಿಸುತ್ತಿದ್ದರು. ಅದು ಮತವಲ್ಲ, ಚೀಟಿ. ಓಲೆಯ ಮೇಲೆ ಹೆಸರು ಬರಬೇಕಾದರೆ ತೆರಿಗೆ ಸಲ್ಲಿಸುವ ಭೂಮಿ, ಸ್ವಂತ ನಿವೇಶನದಲ್ಲಿ ಮನೆ, ವೇದವಿದ್ಯೆ, 35ಕ್ಕೆ ಮೇಲ್ಪಟ್ಟು 70ಕ್ಕೆ ಒಳಗಾದ ವಯಸ್ಸು ಇವೆಲ್ಲ ಬೇಕಾಗಿದ್ದುವು. ಇಲ್ಲಿಯೂ ಬಾಗಿಲು ಕಿರಿದೇ. ಆದರೂ ಆ ಕಲ್ಲಿನಲ್ಲಿ ನಾವು ಕಲಿಯಬೇಕಾದ ಎರಡು ಮಾತುಗಳಿವೆ. ಹಿಂದೆ ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವನಿಗೂ ಅವನ ಬಂಧುಗಳಿಗೂ ಮತ್ತೆ ಅವಕಾಶವಿಲ್ಲ ಎಂಬುದು ಒಂದು. ಹಿಂದಿನ ಮೂರು ವರ್ಷಗಳಲ್ಲಿ ಸ್ಥಾನದಲ್ಲಿದ್ದವನ ಹೆಸರನ್ನು ಕೊಡಕ್ಕೆ ಹಾಕುವಂತಿಲ್ಲ ಎಂಬುದು ಇನ್ನೊಂದು. ಅಧಿಕಾರಕ್ಕೆ ಕಾಲದ ಎಲ್ಲೆ ಬೇಕೆಂಬುದನ್ನು ಆ ಹಿರಿಯರು ಸಾವಿರ ವರ್ಷಗಳ ಹಿಂದೆಯೇ ಅರಿತಿದ್ದರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಇದರ ಕೆಲಸವಿದೆ.

ಕೊತ್ವಾಲನ ವಾರ್ಡು

ಈ ಕಾಲದ ಅರ್ಥದ ವಾರ್ಡು ನಮ್ಮಲ್ಲಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆಗ ಕನ್ನಡ ನಾಡು ಒಂದಾಗಿರಲಿಲ್ಲವಷ್ಟೆ. ಮುಂಬಯಿ ಪ್ರಾಂತದಲ್ಲಿದ್ದ ಹುಬ್ಬಳ್ಳಿ ಧಾರವಾಡಗಳಿಗೆ 1850ರ ದಶಕದಲ್ಲಿಯೇ ಮುನಿಸಿಪಾಲಿಟಿ ಬಂತು. ಬೆಂಗಳೂರಿಗೆ 1862ರಲ್ಲಿ ಬಂತು. ರಿಪ್ಪನ್ ಪ್ರಭು 1882ರ ಮೇ 18ರಂದು ಸ್ಥಳೀಯ ಸ್ವಯಮಾಡಳಿತದ ನಿರ್ಣಯವನ್ನು ಹೊರಡಿಸಿದ ಮೇಲೆ, ಬ್ರಿಟಿಷ್ ಪ್ರಾಂತಗಳಲ್ಲಿ ತೆರಿಗೆ ಕೊಡುವ ಪಟ್ಟಣಿಗರಿಗೆ ಸದಸ್ಯರನ್ನು ಆರಿಸುವ ಹಕ್ಕು ಸ್ವಲ್ಪ ಸ್ವಲ್ಪವಾಗಿ ದೊರೆಯತೊಡಗಿತು. ಬೆಂಗಳೂರಿನಲ್ಲಿಯೂ ಅದೇ ಸುಮಾರಿಗೆ ಅರ್ಧದಷ್ಟು ಸದಸ್ಯರನ್ನು ಚುನಾಯಿಸುವ ಪದ್ಧತಿ ಬಂತು. ಎಲ್ಲರಿಗೂ ಮತವಿರಲಿಲ್ಲ, ನಿಜ. ಆದರೂ ಗೆರೆಯೊಳಗಿನ ಕೆಲವರಾದರೂ ಗೆರೆಯೊಳಗಿನ ಒಬ್ಬನನ್ನು ಕಳಿಸಬಹುದು ಎಂಬ ಅಭ್ಯಾಸಕ್ಕೆ ಬೀಜ ಬಿತ್ತು.

ನಿಜಾಮನ ಸಂಸ್ಥಾನದಲ್ಲಿದ್ದ ಕಲಬುರಗಿ, ರಾಯಚೂರು, ಬೀದರಗಳ ಕತೆ ಬೇರೆ. ಹೈದರಾಬಾದು ನಗರದಲ್ಲಿ ಮುನಿಸಿಪಲ್ ಆಡಳಿತ ಆರಂಭವಾದದ್ದು 1869ರಲ್ಲಿ, ಸಾಲಾರ್ ಜಂಗನ ದಿವಾನಗಿರಿಯ ಕಾಲಕ್ಕೆ. ನಗರವನ್ನು ನಾಲ್ಕು ಭಾಗಗಳಾಗಿ, ಹೊರವಲಯದ ಚಾದರಘಾಟನ್ನು ಐದು ಭಾಗಗಳಾಗಿ ಹಂಚಿದರು. ಆದರೆ ಅವುಗಳ ಮೇಲ್ವಿಚಾರಣೆ ಕೊತ್ವಾಲನದು, ಎಂದರೆ ನಗರದ ಪೊಲೀಸು ಮುಖ್ಯಸ್ಥನದು. ಕಸ ತೆಗೆಯಿಸಲು, ದೀಪ ಹಚ್ಚಿಸಲು, ಕಾವಲಿಡಲು ಆ ಗೆರೆಗಳೇ ಹೊರತು ಯಾರನ್ನೂ ಆರಿಸಲು ಅಲ್ಲ. ಆ ನಗರದಲ್ಲಿ ಚುನಾವಣೆ ನಡೆಯಲು 1934 ಬರಬೇಕಾಯಿತು. ರಾಜಧಾನಿಯ ಪಾಡೇ ಹೀಗಿದ್ದಾಗ ಜಿಲ್ಲೆಗಳ ಮಾತೇನು? ಭೂಕಂದಾಯದ ಒಂದು ರೂಪಾಯಿಗೆ ಒಂದಾಣೆಯಂತೆ ಲೋಕಲ್ ಸೆಸ್ಸು ಎತ್ತಿ, 1880ರ ದಶಕದ ಕೊನೆಯ ಹೊತ್ತಿಗೆ ಜಿಲ್ಲಾ ಮತ್ತು ತಾಲೂಕು ಬೋರ್ಡುಗಳನ್ನು ಮಾಡಿದರು. ಅಧ್ಯಕ್ಷತೆ ಸರ್ಕಾರಿ ಅಧಿಕಾರಿಯದು, ಸದಸ್ಯರು ನೇಮಕಗೊಂಡವರು. ಆಣೆ ರೈತನದು, ಆಯ್ಕೆ ದೊರೆಯದು.

ಇದರ ಜೊತೆಗೆ ಈ ಭಾಗದ ಹಲವು ಹಳ್ಳಿಗಳು ಖಾಲ್ಸಾ ಕೂಡ ಆಗಿರದೆ ಪೈಗಾ, ಜಹಗೀರುಗಳಿಗೆ ಸೇರಿದ್ದುವು. ಅಲ್ಲಿ ಸರ್ಕಾರವೆಂದರೆ ಜಹಗೀರುದಾರನ ಕಚೇರಿ. ಊರಲ್ಲಿ ಕಂದಾಯ ಎತ್ತುವವನು ಮಾಲಿಪಾಟೀಲ, ಬಂದೋಬಸ್ತು ನೋಡುವವನು ಪೊಲೀಸ್‌ಪಾಟೀಲ, ಲೆಕ್ಕ ಬರೆಯುವವನು ಪಟವಾರಿ. ಮೂರೂ ವತನಗಳು, ತಂದೆಯಿಂದ ಮಗನಿಗೆ ಇಳಿಯುವಂಥವು. ಈ ಹುದ್ದೆಗಳು ಹೋಗಿ ಎಷ್ಟೋ ಕಾಲವಾದರೂ ಮಾಲಿಪಾಟೀಲ, ಪೊಲೀಸ್‌ಪಾಟೀಲ ಎಂಬ ಅಡ್ಡಹೆಸರುಗಳು ನಮ್ಮ ಜಿಲ್ಲೆಯ ಶಾಲೆಗಳ ಹಾಜರಿ ಪುಸ್ತಕದಲ್ಲಿ ಇನ್ನೂ ಉಳಿದಿವೆ. ಅಧಿಕಾರವೆಂಬುದು ಮನೆತನದ ಸೊತ್ತು ಎಂಬ ಭಾವನೆ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1948ರ ಸಪ್ಟೆಂಬರಿನಲ್ಲಿ ಪೊಲೀಸು ಕಾರ್ಯಾಚರಣೆ ನಡೆದು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1949ರಲ್ಲಿ ಜಹಗೀರುಗಳು ಹೋದುವು. 1952ರ ಮಹಾಚುನಾವಣೆ ಬಂದಾಗ, ನಿನ್ನೆಯವರೆಗೆ ಜಹಗೀರುದಾರನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ರೈತನೂ ಅವನ ಹೆಂಡತಿಯೂ ಮತಪೆಟ್ಟಿಗೆಯ ಮುಂದೆ ಜಹಗೀರುದಾರನಿಗೆ ಸಮನಾಗಿ ನಿಂತರು. 1956ರ ನವಂಬರ 1ರಂದು ಮೂರು ಜಿಲ್ಲೆಗಳು ಕನ್ನಡ ರಾಜ್ಯಕ್ಕೆ ಸೇರಿದುವು. ಮರುವರ್ಷವೇ ಚಿಂಚೋಳಿಯಿಂದ ವಿಧಾನಸಭೆಗೆ ಆರಿಸಿ ಹೋದ ವೀರೇಂದ್ರ ಪಾಟೀಲರು 1968ರಲ್ಲಿ ಮುಖ್ಯಮಂತ್ರಿಗಳಾದರು. ಗುಲ್ಬರ್ಗಾ ನಗರಸಭೆಯ ಸದಸ್ಯತ್ವದಿಂದ ಸಾರ್ವಜನಿಕ ಜೀವನಕ್ಕೆ ಕಾಲಿಟ್ಟ ಧರ್ಮಸಿಂಗರು 2004ರಲ್ಲಿ ಅದೇ ಪದವಿಗೇರಿದರು. ಮುಖ್ಯಮಂತ್ರಿಯ ಕುರ್ಚಿಗೆ ಹೋಗುವ ದಾರಿ ನಗರಸಭೆಯ ಒಂದು ವಾರ್ಡಿನಿಂದಲೂ ಹೊರಡಬಹುದು ಎಂಬುದಕ್ಕೆ ನಮ್ಮ ಜಿಲ್ಲೆಯೇ ಉದಾಹರಣೆ.

ಮೂರು ಎಲ್ಲೆಗಳು

ಹೊಸ ರಾಜ್ಯದಲ್ಲಿ ಊರುಗಳಿಗೆ 1959ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ, ಪಟ್ಟಣಗಳಿಗೆ 1964ರ ಮುನಿಸಿಪಾಲಿಟಿಗಳ ಕಾಯಿದೆ, ದೊಡ್ಡ ನಗರಗಳಿಗೆ 1976ರ ಮಹಾನಗರಪಾಲಿಕೆಗಳ ಕಾಯಿದೆ ಬಂದುವು. ಮುಂಬಯಿಯವರು, ಮೈಸೂರಿನವರು, ಹೈದರಾಬಾದಿನವರು ಎಂಬ ಭೇದ ಅಳಿದು ಕಾನೂನು ಒಂದಾಯಿತು. ಆಗ ವಾರ್ಡಿನ ಚಕ್ಕುಬಂದಿಯನ್ನು ಬರೆಯುವ ಕ್ರಮವೂ ಒಂದು ಹದಕ್ಕೆ ಬಂತು.

ಮೊದಲನೆಯ ಎಲ್ಲೆ ನೆಲದ್ದು. ಯಾವ ಓಣಿ ಒಳಗೆ, ಯಾವ ಓಣಿ ಹೊರಗೆ ಎಂಬುದು. ಕೇಳುವುದಕ್ಕೆ ಇದು ಸರ್ವೆಯವರ ಕೆಲಸದಂತೆ ತೋರಿದರೂ ಊರಿನ ಅರ್ಧ ರಾಜಕೀಯ ಇಲ್ಲಿಯೇ ಮುಗಿದಿರುತ್ತದೆ. ಒಂದು ದಲಿತ ಕೇರಿಯನ್ನು ಇಡಿಯಾಗಿ ಒಂದೇ ವಾರ್ಡಿನಲ್ಲಿ ಇಟ್ಟರೆ ಅದರ ಮಾತಿಗೊಂದು ತೂಕ. ಅದನ್ನೇ ಎರಡು ಮೂರು ವಾರ್ಡುಗಳಿಗೆ ಹರಿದು ಹಂಚಿದರೆ ಎಲ್ಲ ಕಡೆಯೂ ಅದು ಬಾಲ. ಮೇಲಿನ ಓಣಿಗೂ ಈ ಮಾತು ಅನ್ವಯಿಸುತ್ತದೆ, ಮುಸಲ್ಮಾನರ ಗಲ್ಲಿಗೂ, ಲಂಬಾಣಿ ತಾಂಡಾಕ್ಕೂ ಅನ್ವಯಿಸುತ್ತದೆ. ಒಂದು ಮತವನ್ನೂ ಕದಿಯದೆ, ಒಂದು ಪೆಟ್ಟಿಗೆಯನ್ನೂ ಒಡೆಯದೆ, ಬರಿಯ ಸೀಸಕಡ್ಡಿಯಿಂದ ಚುನಾವಣೆಯನ್ನು ಗೆಲ್ಲುವ ಉಪಾಯ ಇದು.

ಎರಡನೆಯ ಎಲ್ಲೆ ತಲೆಯೆಣಿಕೆಯದು. ಗ್ರಾಮ ಪಂಚಾಯತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯನೆಂಬುದು ಕಾಯಿದೆಯ ಲೆಕ್ಕ. ಕಲಬುರಗಿ ಮಹಾನಗರಪಾಲಿಕೆಯಲ್ಲಿ 55 ವಾರ್ಡುಗಳು. 2011ರ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ ಐದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು. ಎಂದರೆ ಒಬ್ಬ ಸದಸ್ಯನಿಗೆ ಹತ್ತು ಸಾವಿರದ ಆಸುಪಾಸು ಜನ. ಬೆಂಗಳೂರಿನ ಬೃಹತ್ ಮಹಾನಗರಪಾಲಿಕೆಗೆ 198 ವಾರ್ಡುಗಳಿದ್ದಾಗ ಅದೇ ಜನಗಣತಿಯ ಲೆಕ್ಕದಲ್ಲಿ ಒಬ್ಬ ಸದಸ್ಯನಿಗೆ ನಲವತ್ತು ಸಾವಿರಕ್ಕೂ ಹೆಚ್ಚು. ಐನಾಪುರದಂಥ ಊರಿನಲ್ಲಿ ಸದಸ್ಯನನ್ನು ಚಹಾದ ಅಂಗಡಿಯಲ್ಲಿ ಹಿಡಿದು ನಳದ ನೀರು ಏಕೆ ಬಂದಿಲ್ಲವೆಂದು ಕೇಳಬಹುದು. ಬೆಂಗಳೂರಿನಲ್ಲಿ ಸದಸ್ಯನ ಮನೆ ಯಾವ ಬೀದಿಯಲ್ಲಿದೆ ಎಂದು ಕೇಳಿಕೊಂಡು ಹೋಗಬೇಕು. ವಾರ್ಡು ಹಿಗ್ಗಿದಷ್ಟೂ ಮನುಷ್ಯ ಕುಗ್ಗುತ್ತಾನೆ.

2020ರ ಡಿಸೆಂಬರಿನಲ್ಲಿ ನಡೆದ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ರಾಜ್ಯದಾದ್ಯಂತ ನೂರಕ್ಕೆ ಎಂಬತ್ತಕ್ಕೂ ಮಿಕ್ಕಿದ ಮತದಾನವಾಯಿತು. 2021ರ ಸಪ್ಟೆಂಬರ 3ರಂದು ಕಲಬುರಗಿ ಪಾಲಿಕೆಗೆ ನಡೆದ ಚುನಾವಣೆಯಲ್ಲಿ ಅದು ನೂರಕ್ಕೆ ಐವತ್ತರ ಹತ್ತಿರಕ್ಕೆ ನಿಂತಿತು. ಹಳ್ಳಿಯವನು ಅಜ್ಞಾನಿ, ನಗರದವನು ತಿಳಿದವನು ಎನ್ನುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಮೂರನೆಯ ಎಲ್ಲೆ ಮೀಸಲಿನದು. ಈ ಸ್ಥಾನ ಯಾರಿಗೆ ಎಂಬುದು. ಸ್ವಾತಂತ್ರ್ಯದ ಆರಂಭದಲ್ಲಿ ಹಲವು ಸದಸ್ಯರ ವಾರ್ಡುಗಳನ್ನು ಮಾಡಿ ಈ ಸಮಸ್ಯೆಯನ್ನು ಬಿಡಿಸುತ್ತಿದ್ದರು. 1949ರಲ್ಲಿ ಬೆಂಗಳೂರಿನ ಎರಡು ಮುನಿಸಿಪಾಲಿಟಿಗಳು ಕೂಡಿ ಕಾರ್ಪೊರೇಶನ್ ಆದಾಗ 50 ವಿಭಾಗಗಳಿಗೆ 70 ಸದಸ್ಯರಿದ್ದರು. ನಗರಗಳಲ್ಲಿ ಆ ಪದ್ಧತಿ ಹೋದರೂ ಹಳ್ಳಿಗಳಲ್ಲಿ ಉಳಿದಿದೆ. ಗ್ರಾಮ ಪಂಚಾಯತಿಯ ಒಂದೇ ವಾರ್ಡಿನಿಂದ ಇಬ್ಬರು ಮೂವರು ಆರಿಸಿ ಬರುತ್ತಾರೆ. ಎಷ್ಟು ಸ್ಥಾನಗಳೋ ಮತದಾರನಿಗೆ ಅಷ್ಟು ಮತ. ಹೆಂಗಸರಿಗೆ 1983ರ ಕಾಯಿದೆ ನೂರಕ್ಕೆ 25 ಸ್ಥಾನಗಳನ್ನಿಟ್ಟಿತು. 1993ರ ಪಂಚಾಯತ್ ರಾಜ್ ಕಾಯಿದೆ ಅದನ್ನು ಮೂರನೆಯ ಒಂದು ಭಾಗಕ್ಕೆ ಏರಿಸಿತು. 2010ರಲ್ಲಿ ಅದು ಅರ್ಧವಾಯಿತು. ಸದಸ್ಯೆಯ ಬದಲು ಆಕೆಯ ಪತಿರಾಯರೇ ಸಭೆಗೆ ಬಂದು ಕೂಡುವ ದೃಶ್ಯ ನಗೆಪಾಟಲಾಗಿದ್ದರೂ, ಒಮ್ಮೆ ಕುರ್ಚಿಯ ರುಚಿ ಕಂಡ ಹೆಣ್ಣುಮಗಳು ಮುಂದಿನ ಸಲ ತಾನೇ ಬಂದು ಕೂತ ಉದಾಹರಣೆಗಳೂ ಕಡಮೆಯಿಲ್ಲ. ಸೇಡಿಂಬದ ಮುನ್ನೂರ್ವರ ಎಣಿಕೆಯೊಳಗೆ ಇಲ್ಲದವರು ಈಗ ಎಣಿಕೆಯ ಅರ್ಧವಾಗಿದ್ದಾರೆ. ಇದು ಸಣ್ಣ ಬದಲಾವಣೆಯಲ್ಲ.

ನಾಲ್ಕನೆಯ ಎಲ್ಲೆ

ಇನ್ನು ಉಳಿದದ್ದು ನಾಲ್ಕನೆಯದು. ಅದು ನೆಲದ್ದಲ್ಲ, ಕಾಲದ್ದು. ಆರಿಸಿ ಹೋದವನು ಎಂದು ಮರಳಿ ಬರಬೇಕು ಎಂಬುದು. ಉತ್ತರಮೇರೂರಿನವರು ಕಲ್ಲಿನಲ್ಲಿ ಕೆತ್ತಿದ ಮಾತು ಇದೇ. ಈ ಒಂದು ಎಲ್ಲೆಯೇ ನಮ್ಮಲ್ಲಿ ಮೇಲಿಂದ ಮೇಲೆ ಕುಸಿದು ಬಿದ್ದಿದೆ.

ಸಂವಿಧಾನದ ರಕ್ಷಣೆಯಿಲ್ಲದ ಕಾಲದಲ್ಲಿ ಅದು ಕುಸಿದದ್ದರಲ್ಲಿ ಆಶ್ಚರ್ಯವಿಲ್ಲ. ಅವಧಿ ಮುಗಿದ ಸಂಸ್ಥೆಗಳಿಗೆ ಚುನಾವಣೆಯನ್ನು ಮುಂದೂಡುವುದು, ಬೇಡವಾದ ಪೌರಸಭೆಯನ್ನು ವಜಾ ಮಾಡಿ ಆಡಳಿತಾಧಿಕಾರಿಯನ್ನು ಕೂಡಿಸುವುದು, ಸರ್ಕಾರಗಳಿಗೆ ಕೈಬರಹದಷ್ಟು ಸುಲಭವಾಗಿತ್ತು. ಅಬ್ದುಲ್ ನಜೀರ್ ಸಾಹೇಬರು 1983ರ ಕಾಯಿದೆಯ ಬೆನ್ನ ಹಿಂದೆ ನಿಂತು, 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದಾಗ ದೇಶವೇ ಕರ್ನಾಟಕದ ಕಡೆ ನೋಡಿತು. ನೀರ್‌ಸಾಬರು 1988ರಲ್ಲಿ ತೀರಿಕೊಂಡರು. ಐದು ವರ್ಷ ಕಳೆದು ಅವಧಿ ತೀರಿದಾಗ ಮರುಚುನಾವಣೆ ಬರಲಿಲ್ಲ; ಆಡಳಿತಾಧಿಕಾರಿಗಳು ಬಂದರು. ಒಳ್ಳೆಯ ಕಾಯಿದೆಗೂ ಒಂದು ತಾರೀಖನ್ನು ಕಾಪಾಡಿಕೊಳ್ಳುವ ಶಕ್ತಿ ಇರಲಿಲ್ಲ.

ಇದಕ್ಕೆ ಪರಿಹಾರವೆಂದೇ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಬಂದುವು. ಮೊದಲನೆಯದು 1993ರ ಏಪ್ರಿಲ್ 24ರಂದು, ಎರಡನೆಯದು ಅದೇ ವರ್ಷದ ಜೂನ್ 1ರಂದು ಜಾರಿಯಾಯಿತು. ಮೊದಲ ಸಭೆಯ ದಿನದಿಂದ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಆ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ನಡುವೆ ವಿಸರ್ಜಿಸಿದರೆ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕು. ನಡೆಸಲು ರಾಜ್ಯ ಚುನಾವಣಾ ಆಯೋಗವೆಂಬ ಸ್ವತಂತ್ರ ಸಂಸ್ಥೆ. ನಾಲ್ಕನೆಯ ಎಲ್ಲೆಗೆ ಇದಕ್ಕಿಂತ ಗಟ್ಟಿಯಾದ ಕಲ್ಲು ನೆಡಲು ಸಾಧ್ಯವಿಲ್ಲ ಎಂದೇ ಎಲ್ಲರೂ ತಿಳಿದರು. ಅಹಮದಾಬಾದು ಪಾಲಿಕೆಯ ಮೊಕದ್ದಮೆಯಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. ವಾರ್ಡುಗಳ ಪುನರ್ವಿಂಗಡಣೆ ಮುಗಿದಿಲ್ಲವೆಂಬುದು ಚುನಾವಣೆಯನ್ನು ನಿಲ್ಲಿಸಲು ಕಾರಣವಾಗಲಾರದು ಎಂದು 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಮೊಕದ್ದಮೆಯಲ್ಲಿ ಮತ್ತೊಮ್ಮೆ ಹೇಳಿತು.

ಆದರೆ ನಡೆದದ್ದೇನು? ಕಲಬುರಗಿ ಪಾಲಿಕೆಗೆ 2013ರ ಮಾರ್ಚಿನಲ್ಲಿ ಮತ ಹಾಕಿದ ನಾಗರಿಕ ಮತ್ತೆ ಮತಗಟ್ಟೆಗೆ ಬಂದದ್ದು 2021ರ ಸಪ್ಟೆಂಬರಿನಲ್ಲಿ. ಎಂದರೆ ಎಂಟು ವರ್ಷ ಆರು ತಿಂಗಳು ಕಳೆದ ಮೇಲೆ. ಆಗ 55 ವಾರ್ಡುಗಳಲ್ಲಿ ಕಾಂಗ್ರೆಸ್ಸಿಗೆ 27, ಭಾರತೀಯ ಜನತಾ ಪಕ್ಷಕ್ಕೆ 23, ಜನತಾದಳಕ್ಕೆ 4, ಪಕ್ಷೇತರರಿಗೆ 1 ಸ್ಥಾನ ಬಂದುವು. ಯಾರಿಗೂ ಬಹುಮತವಿಲ್ಲ. ಮೇಯರನ ಆಯ್ಕೆಯಲ್ಲಿ ಸಂಸದರು, ಶಾಸಕರು, ವಿಧಾನ ಪರಿಷತ್ತಿನ ಸದಸ್ಯರೂ ಮತ ಹಾಕಬಹುದಾದ್ದರಿಂದ, ಯಾವ ಊರಿನ ಮತದಾರರ ಪಟ್ಟಿಯಲ್ಲಿ ಯಾರ ಹೆಸರಿದೆ ಎಂಬುದೇ ವ್ಯಾಜ್ಯವಾಯಿತು. ಕೊನೆಗೆ ಮೇಯರ್ ಚುನಾವಣೆ ನಡೆದದ್ದು 2023ರ ಮಾರ್ಚಿನಲ್ಲಿ. ಗೆದ್ದದ್ದು 23 ಸ್ಥಾನಗಳ ಪಕ್ಷ. ಅದು ನ್ಯಾಯವೋ ಅನ್ಯಾಯವೋ ಎಂಬ ಚರ್ಚೆ ಇಲ್ಲಿ ಬೇಡ. ಯಾವ ಪಕ್ಷ ಗೆದ್ದರೂ ಸೋತರೂ ಉಳಿಯುವ ಸಂಗತಿ ಒಂದು. ಆರಿಸಿ ಬಂದ 55 ಮಂದಿ ಒಂದೂವರೆ ವರ್ಷ ಸಭೆಯಿಲ್ಲದ ಸದಸ್ಯರಾಗಿದ್ದರು. ಐದು ವರ್ಷದ ಗಡಿಯಾರ ನಡೆಯತೊಡಗುವುದು ಮೊದಲ ಸಭೆಯಿಂದ. ಆ ಮೊದಲ ಸಭೆಯನ್ನೇ ತಡೆದರೆ ಗಡಿಯಾರಕ್ಕೆ ಕೀಲಿಯೇ ಕೊಟ್ಟಂತಾಗಲಿಲ್ಲ. ಸಂವಿಧಾನದ ಗಟ್ಟಿ ಕಲ್ಲಿನ ಬುಡದಲ್ಲಿ ಹೀಗೊಂದು ಸಣ್ಣ ಬಿಲವಿದೆ.

ರಾಜಧಾನಿಯ ಕತೆ ಇನ್ನೂ ದೊಡ್ಡದು. ಬೆಂಗಳೂರಿನಲ್ಲಿ 2006ರ ಕೊನೆಗೆ ಅವಧಿ ಮುಗಿಯಿತು. ಮರುವರ್ಷ ಸುತ್ತಲಿನ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಪಾಲಿಕೆ ಮಾಡಿದರು. ಚುನಾವಣೆ ಬಂದದ್ದು 2010ರ ಮಾರ್ಚಿನಲ್ಲಿ. 2015ರಲ್ಲಿ ಮತ್ತೆ ನಡೆಯಿತು. 2020ರ ಸಪ್ಟೆಂಬರ 10ಕ್ಕೆ ಆ ಅವಧಿ ಮುಗಿದ ಮೇಲೆ 198 ವಾರ್ಡುಗಳು 2022ರಲ್ಲಿ 243 ಆದುವು, 2023ರಲ್ಲಿ 225 ಆದುವು, 2025ರ ಸಪ್ಟೆಂಬರಿನಲ್ಲಿ ಒಂದು ಪಾಲಿಕೆಯೇ ಐದಾಯಿತು. ಪ್ರತಿಯೊಂದು ಬದಲಾವಣೆಗೂ ಒಂದೊಂದು ಸಮರ್ಥನೆ ಇತ್ತು. ಆದರೆ ಆ ಐದು ವರ್ಷಗಳಲ್ಲಿ ಒಬ್ಬನೇ ಒಬ್ಬ ಚುನಾಯಿತ ಸದಸ್ಯ ನಗರದಲ್ಲಿರಲಿಲ್ಲ. ಮೊದಲನೆಯ ಎಲ್ಲೆಯನ್ನು ಅಳೆಯುತ್ತ ಅಳೆಯುತ್ತ ನಾಲ್ಕನೆಯ ಎಲ್ಲೆಯನ್ನು ದಾಟಿಬಿಡುವ ಉಪಾಯ ಇದು.

ನಗರದ ಈ ರೋಗ ಹಳ್ಳಿಗೂ ತಗಲಿದೆ. ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ 2016ರ ಫೆಬ್ರವರಿಯಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರಗಳನ್ನು ಗುರುತಿಸುವ ಅಧಿಕಾರವನ್ನು ಅದೇ ವರ್ಷ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟರು. ನಾಲ್ಕು ವರ್ಷ ಕಳೆದರೂ ಚುನಾವಣೆ ಬರಲಿಲ್ಲ. ಗ್ರಾಮ ಪಂಚಾಯತಿಗಳಿಗೂ 2020ರಲ್ಲಿ ಚುನಾವಣೆ ನಡೆದದ್ದು ಹೈಕೋರ್ಟು ಹೇಳಿದ ಮೇಲೆ. ಆ ವರ್ಷವೇ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನು ಹರಾಜಿಗಿಟ್ಟು, ಬಂದ ಹಣವನ್ನು ಗುಡಿಗೋ ರಸ್ತೆಗೋ ಇಡುತ್ತೇವೆ ಎಂದ ವಾರ್ತೆಗಳು ಬಂದುವು. ಆಯೋಗ ಅದು ಅಪರಾಧವೆಂದು ಎಚ್ಚರಿಸಬೇಕಾಯಿತು. ಊರಿನವರನ್ನು ಬೈಯುವುದು ಸುಲಭ. ಆದರೆ ಮೇಲಿನವರೇ ಚುನಾವಣೆಯನ್ನು ಬೇಕಾದಾಗ ಮಾಡುವ, ಬೇಡವಾದಾಗ ಬಿಡುವ ವಸ್ತುವೆಂದು ಕಂಡರೆ, ಕೆಳಗಿನವರು ಅದಕ್ಕೊಂದು ಬೆಲೆ ಕಟ್ಟಿ ಮಾರಿದ್ದರಲ್ಲಿ ಏನು ಸೋಜಿಗ?

ಯಾರು ಕೇಳಬೇಕು?

ಇದರಿಂದ ಆದ ನಷ್ಟವೇನು ಎಂದು ಕೆಲವರು ಕೇಳುವುದುಂಟು. ಅಧಿಕಾರಿಗಳಿದ್ದಾರೆ, ಕಸ ಎತ್ತುತ್ತಾರೆ, ದೀಪ ಹತ್ತುತ್ತದೆ, ನಡೆಯುತ್ತಿದೆಯಲ್ಲ? ನಿಜಾಮನ ಕಾಲದ ಬೋರ್ಡುಗಳೂ ನಡೆಯುತ್ತಿದ್ದುವು. ಕೊತ್ವಾಲನೂ ಕಸ ತೆಗೆಯಿಸುತ್ತಿದ್ದ. ಆಡಳಿತಾಧಿಕಾರಿ ಎಷ್ಟೇ ದಕ್ಷನಿರಲಿ, ಎಷ್ಟೇ ಪ್ರಾಮಾಣಿಕನಿರಲಿ, ಅವನು ಲೆಕ್ಕ ಒಪ್ಪಿಸುವುದು ಮೇಲಕ್ಕೆ. ಸದಸ್ಯ ಎಷ್ಟೇ ಸಾಮಾನ್ಯನಿರಲಿ, ಅವನು ಒಂದು ದಿನ ಲೆಕ್ಕ ಒಪ್ಪಿಸಬೇಕಾದದ್ದು ಕೆಳಕ್ಕೆ. ವಾರ್ಡಿನ ಒಳಗುಟ್ಟೆಲ್ಲ ಈ ಒಂದು ಭೇದದಲ್ಲಿದೆ. ಆ ದಿನ ಯಾವುದೆಂಬುದು ನಿಶ್ಚಯವಿಲ್ಲದೆ ಹೋದರೆ, ಚುನಾಯಿತ ಸದಸ್ಯನೂ ಮೆಲ್ಲಮೆಲ್ಲನೆ ಮೇಲಕ್ಕೇ ನೋಡಲು ಕಲಿಯುತ್ತಾನೆ.

ಅಂಚಿನ ಊರುಗಳಿಗೆ ಈ ನಷ್ಟ ಹೆಚ್ಚು ತಟ್ಟುತ್ತದೆ. ಬೆಂಗಳೂರಿನಲ್ಲಿ ಸದಸ್ಯನಿಲ್ಲದಿದ್ದರೆ ಪತ್ರಿಕೆಗಳಿವೆ, ಸಂಘಗಳಿವೆ, ಮೊಕದ್ದಮೆ ಹೂಡುವವರಿದ್ದಾರೆ. ತೆಲಂಗಾಣದ ಗಡಿಗೆ ಹೊಂದಿದ ಚಿಂಚೋಳಿ ತಾಲೂಕಿನ ಹಳ್ಳಿಯೊಂದರಲ್ಲಿ, ತೊಗರಿಯ ರಾಶಿ ಮುಗಿಸಿ ಕೆಲಸ ಹುಡುಕಿ ಪರಸ್ಥಳಕ್ಕೆ ಹೋಗುವ ಕುಟುಂಬಕ್ಕೆ ಸರ್ಕಾರದ ಮುಖವೆಂದರೆ ವಾರ್ಡಿನ ಸದಸ್ಯನೊಬ್ಬನೇ. ಉದ್ಯೋಗದ ಚೀಟಿಗೆ, ಮನೆಯ ಪಟ್ಟಿಗೆ, ಮುದುಕಿಯ ಪಿಂಚಣಿಗೆ ಅವನ ಬಾಗಿಲೇ ಮೊದಲ ಬಾಗಿಲು.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಕೆಲಸಗಳು ಶಾಸನಸಭೆಗೂ ನ್ಯಾಯಾಲಯಕ್ಕೂ ಸೇರಿದುವು. ಸಣ್ಣ ಕೆಲಸ ನಮ್ಮದು. ವಾರ್ಡು ವಿಂಗಡಣೆಯ ಕರಡು ಹೊರಟಾಗ ಆಕ್ಷೇಪಣೆಗೆ ಕೆಲವು ದಿನಗಳ ಅವಕಾಶವನ್ನು ಕಾನೂನೇ ಕೊಟ್ಟಿದೆ. ಪಂಚಾಯತಿಯ ಗೋಡೆಗೆ ಅಂಟಿಸಿದ ಆ ಕಾಗದವನ್ನು ಓದುವವರು, ಓದಲು ಬಾರದವರಿಗೆ ಓದಿ ಹೇಳುವವರು ಊರಿಗೆ ನಾಲ್ವರಾದರೂ ಬೇಕು. ವರ್ಷಕ್ಕೆ ಎರಡು ಸಲವಾದರೂ ಸೇರಬೇಕಾದ ವಾರ್ಡುಸಭೆ ಸೇರಿತೆ ಎಂದು ಕೇಳುವವರು ಬೇಕು. ಸದಸ್ಯನ ಅವಧಿ ಯಾವ ದಿನ ಮುಗಿಯುತ್ತದೆ ಎಂಬುದನ್ನು ಮಕ್ಕಳು ಶಾಲೆಯ ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಿಲ್ಲ. ನಾಲ್ಕು ಎಲ್ಲೆಗಳನ್ನೂ ಬಲ್ಲ ರೈತನ ಹೊಲವನ್ನು ಯಾರೂ ಸುಲಭವಾಗಿ ಒತ್ತುವರಿ ಮಾಡಲಾರರು. ಮತದಾರನೂ ತನ್ನ ಚಕ್ಕುಬಂದಿಯನ್ನು ಹಾಗೆಯೇ ಬಾಯಿಪಾಠ ಮಾಡಿಕೊಳ್ಳಬೇಕು; ಅದರಲ್ಲಿಯೂ ಕಣ್ಣಿಗೆ ಕಾಣದ ಆ ನಾಲ್ಕನೆಯ ಎಲ್ಲೆಯನ್ನು.